ನಮ್ಮವರ ಅಂಗಡಿ ಯಾವುದು?



ಕಳೆದೆರಡು ತಿಂಗಳಿಂದ ಗೋಕಾಕ, ಮೂಡಲಗಿ, ಹುಕ್ಕೇರಿ ತಾಲೂಕುಗಳ ನಮ್ಮ ಬಳಗದ ಮೊಬೈಲುಗಳಲ್ಲಿ ಒಂದು ಪಟ್ಟಿ ಓಡಾಡುತ್ತಿದೆ. ಕಿರಾಣಿ, ಬಟ್ಟೆ, ಪಾತ್ರೆ, ಸಿಮೆಂಟು, ಔಷಧಿ, ಹೀಗೆ ಬಗೆಬಗೆಯ ಅಂಗಡಿಗಳ ಹೆಸರು ಮತ್ತು ಫೋನ್ ನಂಬರು. ಮೇಲೆ ಒಂದು ಸಾಲು: ಇವು ನಮ್ಮ ಸಮಾಜದವರ ಅಂಗಡಿಗಳು, ಇಲ್ಲಿಯೇ ಕೊಳ್ಳಿರಿ. ಇದನ್ನು ಪತ್ರಿಕೆಯಲ್ಲಿ ಅಚ್ಚು ಹಾಕಬೇಕೆಂದು ಮೂವರು ಓದುಗರು ಪತ್ರ ಬರೆದಿದ್ದಾರೆ. ಒಬ್ಬರಂತೂ ಆ ಪುಟದ ಖರ್ಚನ್ನು ತಾವೇ ಕೊಡುವುದಾಗಿ ಹೇಳಿದ್ದಾರೆ. ಪಟ್ಟಿ ಮಾಡಿದ ತರುಣರ ಕಳಕಳಿಯ ಬಗ್ಗೆ ನನಗೆ ಅನುಮಾನವಿಲ್ಲ. ಆದರೂ ನಾವು ಅದನ್ನು ಪ್ರಕಟಿಸುವುದಿಲ್ಲ. ಏಕೆಂದು ಹೇಳುವುದು ನನ್ನ ಹೊಣೆ. ಅದಕ್ಕೂ ಮೊದಲು ನಾನೇ ಮಾಡಿದ ಒಂದು ತಪ್ಪನ್ನು ನಿಮ್ಮ ಮುಂದಿಡಬೇಕು.

ನಿವೃತ್ತನಾದ ಮೇಲೆ ನಮ್ಮ ಭಾಗದ ಒಂದು ಮಠದಲ್ಲಿ ಜಾತ್ರೆಯ ದಾಸೋಹದ ಉಗ್ರಾಣ ನೋಡಿಕೊಳ್ಳಲು ಪೂಜ್ಯರು ಅಪ್ಪಣೆ ಮಾಡಿದರು. ನೌಕರಿಯುದ್ದಕ್ಕೂ ಕಾಲುವೆ ಕೆಲಸದಲ್ಲಿ ಸಿಮೆಂಟು ಚೀಲ ಎಣಿಸಿದವನು ಬ್ಯಾಳಿಯ ಚೀಲ ಎಣಿಸಲಾರೆನೆ ಎಂದು ಒಪ್ಪಿಕೊಂಡೆ. ತೊಗರಿ ಬ್ಯಾಳಿ 20 ಚೀಲ ಬಂತು. ಎಣಿಸಿದೆ, ಸಹಿ ಮಾಡಿದೆ. ತೂಗಲಿಲ್ಲ. ಕೊಟ್ಟವರು ನಮ್ಮವರು, ಹಣೆ ತುಂಬ ವಿಭೂತಿ ಧರಿಸುವವರು, ಮಠಕ್ಕೆ ತಲೆಮಾರಿನಿಂದ ನಡೆದುಕೊಂಡವರು. ಅವರ ಚೀಲಕ್ಕೆ ಕಾಟಾ ಹಚ್ಚುವುದೆಂದರೆ ಅವರ ಮುಖಕ್ಕೆ ಹೊಡೆದ ಹಾಗೆ ಎಂದು ನನಗೆ ಅನಿಸಿತು. ಇಲಾಖೆಯಲ್ಲಿ ಯಾವ ಗುತ್ತಿಗೆದಾರನಿಗೂ ಈ ಮರ್ಯಾದೆ ನಾನು ತೋರಿಸಿರಲಿಲ್ಲ.

ಎರಡನೆಯ ದಿನ ಸಂಜೆ ಒಲೆಯ ಮುಂದಿದ್ದ ಅಕ್ಕನವರು ಬಂದು, “ಸಾಹೇಬರ, ಒಂದು ಚೀಲಕ್ಕ ನಾಕು ಕೊಪ್ಪರಿಗಿ ಸಾರು ಮಾಡತೇವ್ರಿ. ನಾಕನೇದಕ್ಕ ಬ್ಯಾಳಿ ದಿನಾ ಕಡಿಮಿ ಬೀಳಾಕತ್ತೈತಿ” ಎಂದರು. ಅವರಿಗೆ ಓದು ಬರುವುದಿಲ್ಲ. ಆದರೆ ಕೈಯಳತೆ ನನ್ನ ಸ್ಕೇಲಿಗಿಂತ ಖಚಿತ. ಪಕ್ಕದ ಗೊಬ್ಬರದ ಅಂಗಡಿಯಿಂದ ಕಾಟಾ ತರಿಸಿ, ಒಡೆಯದೆ ಉಳಿದಿದ್ದ 12 ಚೀಲಗಳನ್ನು ತೂಗಿದೆವು. ಖಾಲಿ ಚೀಲದ ತೂಕ ಕಳೆದು 50 ಕಿಲೋ ಇರಬೇಕಿತ್ತು. ಒಂದೂ 49 ಮುಟ್ಟಲಿಲ್ಲ. ಸರಾಸರಿ 1 ಕಿಲೋ 300 ಗ್ರಾಂ ಕಡಿಮೆ. ಇಪ್ಪತ್ತೂ ಚೀಲಕ್ಕೆ ಅದೇ ಲೆಕ್ಕ ಹಿಡಿದರೆ 26 ಕಿಲೋ. ದಾಸೋಹದಲ್ಲಿ ಒಬ್ಬರ ಊಟಕ್ಕೆ 40 ಗ್ರಾಂ ಬ್ಯಾಳಿ ಎಂದು ನಾವು ಲೆಕ್ಕ ಇಡುತ್ತೇವೆ. ಅಂದರೆ 650 ಜನರ ಪ್ರಸಾದ.

ಅದಕ್ಕೂ ಹಿಂದಿನ ದಿನ ಅದೇ ವ್ಯಾಪಾರಿಗಳು ವೇದಿಕೆಯ ಮೇಲೆ ದಾಸೋಹಕ್ಕೆಂದು 2,501 ರೂಪಾಯಿ ಕಾಣಿಕೆ ಕೊಟ್ಟಿದ್ದರು. ಬಾರದ ಬ್ಯಾಳಿಯ ಬೆಲೆ ಅದಕ್ಕಿಂತ ಹೆಚ್ಚಾಗುತ್ತಿತ್ತು. ಅವರಿಗೆ ಶಾಲು ಹೊದಿಸಿದವನು ನಾನೇ.

ಜಾತ್ರೆ ಮುಗಿದ ಮೇಲೆ ಅವರನ್ನು ಏಕಾಂತದಲ್ಲಿ ಕಂಡು ಕೇಳಿದೆ. ಸಿಟ್ಟಿಗೆ ಬರಲಿಲ್ಲ, ನಾಚಲೂ ಇಲ್ಲ. “ಸಾಹೇಬರ, ಮಠದ ಮಾಲು ಇಲ್ಲೀತನಕ ಯಾರ ತೂಗ್ಯಾರ್ರಿ?” ಎಂದರು. ಸ್ವಲ್ಪ ತಡೆದು ಇನ್ನೊಂದು ಮಾತು ಸೇರಿಸಿದರು: “ಹೋದ ವರ್ಷದ ಬಿಲ್ಲು ನನಗ ಎಂಟು ತಿಂಗಳಿಗೆ ಮುಟ್ಟೇತಿ. ಅದರ ಬಡ್ಡಿ ಯಾರ ಕೊಡತಾರ?” ಮೊದಲನೆಯ ಮಾತಿಗೆ ನನ್ನ ಬಳಿ ಉತ್ತರವಿತ್ತು. ಎರಡನೆಯದಕ್ಕೆ ಇರಲಿಲ್ಲ. ಅವರು ಮಾಡಿದ್ದು ತಪ್ಪೇ. ಆದರೆ ಎಂಟು ತಿಂಗಳು ಉದ್ರಿ ಇಟ್ಟವರು ನಾವು. ವಿಷಯವನ್ನು ಪೂಜ್ಯರಿಗೆ ಅರಿಕೆ ಮಾಡಿಕೊಂಡಾಗ ಅವರು ಯಾರನ್ನೂ ಬೈಯಲಿಲ್ಲ. “ಇನ್ನ ಮುಂದ ತೂಗ್ರಿ. ರೊಕ್ಕಾನೂ ಹೊತ್ತಿಗೆ ಕೊಡ್ರಿ” ಎಂದಷ್ಟೇ ಹೇಳಿ ಒಳಗೆ ಹೋದರು.

ಈಗ ಪಟ್ಟಿಯ ಮಾತು. ಪಟ್ಟಿ ನನ್ನ ಕೈಗೆ ಬಂದಾಗ ನಾನು ಮೊದಲು ಹುಡುಕಿದ್ದು ಬುಟ್ಟಿ, ಮರ, ಕಸಬರಿಗಿ ಮಾರುವವರನ್ನು. ಮನೆಯ ಸಾಮಾನೆಂದರೆ ಅವೂ ಹೌದಷ್ಟೆ. ಮೇದಾರರ ಒಂದು ಅಂಗಡಿಯೂ ಅದರಲ್ಲಿರಲಿಲ್ಲ. ಕುಂಬಾರರದು ಇರಲಿಲ್ಲ. ಹಡಪದ ಸಮಾಜದ ಹುಡುಗನೊಬ್ಬ ಗೋಕಾಕದಲ್ಲಿ ಸಣ್ಣ ಕಿರಾಣಿ ಇಟ್ಟು ನಾಲ್ಕು ವರ್ಷವಾಯಿತು, ಅವನ ಹೆಸರೂ ಇಲ್ಲ. ಪಟ್ಟಿ ಮಾಡಿದವರಲ್ಲಿ ಒಬ್ಬರನ್ನು ಕೇಳಿದೆ. “ಅವರೂ ನಮ್ಮವರೇ ಸರ್, ಆದರೆ ನೆನಪಾಗಲಿಲ್ಲ” ಎಂದರು. ಬೇಕೆಂದು ಬಿಟ್ಟದ್ದಲ್ಲ, ನೆನಪಾಗಲಿಲ್ಲ. ಹನ್ನೆರಡನೆಯ ಶತಮಾನದಲ್ಲಿ ಮೇದರ ಕೇತಯ್ಯನವರನ್ನು ಅನುಭವ ಮಂಟಪದಲ್ಲಿ ಜೊತೆಗೆ ಕೂರಿಸಿಕೊಂಡ ಧರ್ಮ ನಮ್ಮದು ಎಂದು ಭಾಷಣ ಮಾಡುತ್ತೇವೆ. ಅಂಗಡಿಯ ಪಟ್ಟಿ ಬರೆಯಲು ಕುಳಿತಾಗ ಅವರ ಮಕ್ಕಳು ನೆನಪಾಗುವುದಿಲ್ಲ. ‘ನಮ್ಮವ’ ಎಂಬ ಮಾತಿಗೆ ಬಸವಣ್ಣನವರು ಕೊಟ್ಟ ಅರ್ಥವನ್ನು ಈ ಪತ್ರಿಕೆಯ ಓದುಗರಿಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಒಮ್ಮೆ ಗೆರೆ ಎಳೆಯಲು ಶುರು ಮಾಡಿದರೆ ಅದು ಹೊರಗಿನವರ ಹತ್ತಿರ ನಿಲ್ಲುವುದಿಲ್ಲ, ಒಳಗೂ ಹರಿಯುತ್ತದೆ ಎಂಬುದಕ್ಕೆ ಈ ಪಟ್ಟಿಯೇ ಸಾಕ್ಷಿ.

ಹೊರಗಿನವರ ವಿಷಯದಲ್ಲಿಯೂ ಗೆರೆ ಎಳೆದರೆ ಏನಾಗುತ್ತದೆಂದು ನಾವು ಕಂಡಿದ್ದೇವೆ. 2022ರ ಮಾರ್ಚ್ ತಿಂಗಳಲ್ಲಿ ಕರಾವಳಿಯ ಜಾತ್ರೆಗಳಲ್ಲಿ, ಕಾಪುವಿನ ಮಾರಿಪೂಜೆಯಂಥ ಕಡೆ, ಅನ್ಯಧರ್ಮದ ವ್ಯಾಪಾರಿಗಳಿಗೆ ಮಳಿಗೆ ಹಾಕಲು ಅವಕಾಶವಿಲ್ಲವೆಂದರು. ಅದು ಅಲ್ಲಿಂದ ರಾಜ್ಯದ ಬೇರೆ ಕಡೆಗೂ ಹಬ್ಬಿತು. ಬಳೆ ಮಾರುವವ, ಮಂಡಕ್ಕಿ ಮಾರುವವ ಜಾತ್ರೆಯಿಂದ ಜಾತ್ರೆಗೆ ಹೋಗಿ ಹೊಟ್ಟೆ ಹೊರೆಯುವ ಜನ. ಅವರ ಒಂದು ವರ್ಷದ ದುಡಿಮೆ ಹೋಯಿತು. ನಮ್ಮ ಕಡೆಯ ಮಠಗಳ ಜಾತ್ರೆಗಳಲ್ಲಿ ಎಲ್ಲ ಜಾತಿ ಧರ್ಮದವರೂ ಮಳಿಗೆ ಹಾಕುವುದನ್ನು ನಾನು ಚಿಕ್ಕಂದಿನಿಂದ ನೋಡಿದ್ದೇನೆ. ಆ ರೂಢಿ ಕೆಡಬಾರದು. ಶರಣರ ಸಾಲಿನಲ್ಲಿಯೇ ಆದಯ್ಯನವರಿದ್ದಾರೆ. ಸೌರಾಷ್ಟ್ರದಿಂದ ಪುಲಿಗೆರೆಗೆ, ಅಂದರೆ ಇಂದಿನ ಲಕ್ಷ್ಮೇಶ್ವರಕ್ಕೆ, ವ್ಯಾಪಾರಕ್ಕೆಂದು ಬಂದವರು. ಪರ ಊರಿನ ಶೆಟ್ಟಿಯ ಅಂಗಡಿಗೆ ಹೋಗಬೇಡಿರೆಂದು ಪುಲಿಗೆರೆಯಲ್ಲಿ ಅಂದು ಯಾರಾದರೂ ಪಟ್ಟಿ ಹಂಚಿದ್ದರೆ ನಮಗೆ ಆದಯ್ಯನವರ ವಚನಗಳು ಸಿಗುತ್ತಿದ್ದವೇ?

ತರುಣರ ವಾದವನ್ನೂ ನ್ಯಾಯವಾಗಿ ಹೇಳಬೇಕು. ಅವರು ಹೇಳುವುದು ಇಷ್ಟು: ಬೇರೆ ಸಮಾಜದವರು ತಮ್ಮವರಲ್ಲಿಯೇ ಕೊಳ್ಳುತ್ತಾರೆ, ನಾವು ಮಾತ್ರ ಏಕೆ ಉದಾರಿಗಳಾಗಬೇಕು? ಓದಿ ನೌಕರಿ ಸಿಗದ ನಮ್ಮ ಹುಡುಗರು ಅಂಗಡಿ ತೆರೆದರೆ ಕೈಹಿಡಿಯುವವರು ಯಾರು? ಎರಡನೆಯ ಪ್ರಶ್ನೆ ನಿಜವಾದ ಪ್ರಶ್ನೆ. ಹೊಸದಾಗಿ ಅಂಗಡಿ ಇಟ್ಟ ಹುಡುಗನಿಗೆ, ಅವನು ಯಾವ ಓಣಿಯವನಾದರೂ ಸರಿ, ಮೊದಲ ಆರು ತಿಂಗಳು ನಮ್ಮ ಮನೆಯ ಚೀಟಿ ಹೋಗಲಿ. ನನ್ನ ತಕರಾರು ಕೈಹಿಡಿಯುವುದರ ಮೇಲಲ್ಲ. ಜಾತಿ ನೋಡಿ ಒಳಗೆ ಹೋದವನು ತೂಕ ನೋಡುವುದಿಲ್ಲ, ಬೆಲೆ ಕೇಳುವುದಿಲ್ಲ, ಕೆಟ್ಟ ಮಾಲು ಬಂದರೆ ತಿರುಗಿ ಕೊಡಲು ಸಂಕೋಚಪಡುತ್ತಾನೆ. ಹೀಗೆ ನಾವೇ ಆ ಹುಡುಗನನ್ನು ಕೆಡಿಸುತ್ತೇವೆ. ನನ್ನ 20 ಚೀಲದ ಕಥೆಯಲ್ಲಿ ನಡೆದದ್ದು ಅದೇ.

ಶರಣರಲ್ಲಿ ಹಲವರು ಮನೆಬಳಕೆಯ ಸಾಮಾನು ಮಾಡಿ ಮಾರಿದವರೆಂಬುದನ್ನು ನಾವು ಸಾಕಷ್ಟು ಯೋಚಿಸಿಲ್ಲ. ನುಲಿಯ ಚಂದಯ್ಯನವರು ಹಗ್ಗ ಹೊಸೆದರು. ಕೇತಯ್ಯನವರು ಬಿದಿರಿನ ಬುಟ್ಟಿ ಹೆಣೆದರು. ಮೋಳಿಗೆ ಮಾರಯ್ಯನವರು ಕಟ್ಟಿಗೆಯ ಹೊರೆ ಹೊತ್ತು ಮಾರಿದರು. ಗಾಣದ ಕಣ್ಣಪ್ಪನವರ ಹೆಸರಿನಲ್ಲಿಯೇ ಎಣ್ಣೆಯ ಗಾಣವಿದೆ. ಎಣ್ಣೆ, ಕಟ್ಟಿಗೆ, ಬುಟ್ಟಿ, ಹಗ್ಗ: ಇದು ಕಲ್ಯಾಣದ ಮನೆಯೊಂದರ ಸಂತೆಯ ಚೀಟಿಯೇ ಅಲ್ಲವೇ? ಇನ್ನು ಆಯ್ದಕ್ಕಿ ಲಕ್ಕಮ್ಮನವರ ಪ್ರಸಂಗ ಎಲ್ಲರಿಗೂ ಗೊತ್ತು. ಗಂಡ ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ತಂದಾಗ ಅಷ್ಟನ್ನೂ ಬಸವಣ್ಣನವರ ಅಂಗಳದಲ್ಲಿಯೇ ಸುರಿದು ಬರಲು ಹೇಳಿ ಕಳಿಸಿದರು. ನಾವು ಅದನ್ನು ಆಸೆಯ ಪಾಠವೆಂದು ಹೇಳುತ್ತೇವೆ. ನಾನು ಅದನ್ನು ತೂಕದ ಪಾಠವೆಂದೂ ಓದುತ್ತೇನೆ. ಮನೆಗೆ ಬಂದ ಚೀಲದಲ್ಲಿ ಹೆಚ್ಚು ಕಡಿಮೆಯನ್ನು ಕಣ್ಣಳತೆಯಲ್ಲಿ ಹಿಡಿದವರು ಆ ತಾಯಿ. ಕಡಿಮೆ ಬಂದಾಗ ಜಗಳ ಮಾಡುವವರು ಎಲ್ಲ ಕಡೆ ಸಿಗುತ್ತಾರೆ, ಹೆಚ್ಚು ಬಂದಾಗ ತಿರುಗಿ ಕಳಿಸುವವರು ಅಪರೂಪ. ಅಂಗಡಿಯವನು ಮರೆತು ಒಂದು ಸಾಬೂನು ಹೆಚ್ಚು ಹಾಕಿದರೆ ನಾವು ಎಷ್ಟು ಜನ ಮರಳಿ ಹೋಗುತ್ತೇವೆ?

ಈ ಮಾತು ನನ್ನನ್ನು ಗೋಕಾಕದ ಒಂದು ಅಂಗಡಿಗೆ ಕರೆದೊಯ್ಯುತ್ತದೆ. 2019ರ ಆಗಸ್ಟ್ ತಿಂಗಳನ್ನು ಈ ಭಾಗದವರು ಮರೆಯುವಂತಿಲ್ಲ. ಘಟಪ್ರಭಾ, ಮಾರ್ಕಂಡೇಯ ಎರಡೂ ಉಕ್ಕಿ ಊರೊಳಗೆ ಬಂದವು. ಲೋಳಸೂರ ಸೇತುವೆ ಮುಳುಗಿತು. ತಗ್ಗಿನ ಓಣಿಯ ಒಂದು ಹಳೆಯ ಕಿರಾಣಿ ಅಂಗಡಿಯಲ್ಲಿ ಆಳೆತ್ತರ ನೀರು ನಿಂತಿತು. ಸಕ್ಕರೆ ಕರಗಿತು, ಅಕ್ಕಿ ಕೆಟ್ಟಿತು. ಅಂಗಡಿಕಾರರು ನಮ್ಮ ಧರ್ಮದವರಲ್ಲ. ದಿಬ್ಬದ ಮೇಲಿನ ಮನೆಯಲ್ಲಿ ಅವರದೊಂದಿಷ್ಟು ಮಾಲು ಉಳಿದಿತ್ತು. ನೀರು ಇಳಿಯುವತನಕ ಆ ಮನೆಯ ಪಡಸಾಲೆಯೇ ಅಂಗಡಿ. ಅಕ್ಕಿ, ಬ್ಯಾಳಿ, ಮೇಣದ ಬತ್ತಿ, ಕಡ್ಡಿಪೆಟ್ಟಿಗೆ, ಯಾರು ಬಂದರೂ ಕೊಟ್ಟರು. ಕ್ಯಾಲೆಂಡರಿನ ಹಿಂಬದಿಗೆ ಹೆಸರು ಬರೆದುಕೊಂಡರು. ಒಂದು ರೂಪಾಯಿ ಬೆಲೆ ಏರಿಸಲಿಲ್ಲ. ಆ ದಿನಗಳಲ್ಲಿ ಊರಲ್ಲಿ ಮೇಣದ ಬತ್ತಿಯ ಬೆಲೆ ಏನಾಗಿತ್ತೆಂದು ನೆನಪಿದ್ದವರಿಗೆ ಈ ಮಾತಿನ ತೂಕ ತಿಳಿದೀತು.

ಆದರೆ ನಾನು ಹೇಳಹೊರಟಿದ್ದು ಅದಲ್ಲ. ಅವರ ಉದ್ರಿಯ ವಹಿ ಅಂಗಡಿಯಲ್ಲಿತ್ತು. ನೀರಿಗೆ ಹೋಯಿತು. ಮಹಾಪೂರಕ್ಕೆ ಮೊದಲಿನ ಬಾಕಿ ಯಾರದು ಎಷ್ಟು ಎಂಬುದು ಕೊಂಡವರಿಗೆ ಮಾತ್ರ ಗೊತ್ತಿತ್ತು. ನಮ್ಮ ಮನೆಯದೂ ಇತ್ತು. ನನಗೆ ನೆನಪಿರಲಿಲ್ಲ, ಮನೆಯವರು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಟ್ಟಿದ್ದರು: 1,860 ರೂಪಾಯಿ. ಕೊಡಲು ಹೋದಾಗ ಅವರ ಮುಖ ನೋಡಿ ತಿಳಿಯಿತು, ಹೀಗೆ ಬಂದವರು ಬಹಳ ಜನ ಇಲ್ಲವೆಂದು. ವರ್ಷ ಕಳೆದ ಮೇಲೆ ಒಮ್ಮೆ ಕೇಳಿದೆ. ಅರ್ಧದಷ್ಟು ಮನೆಯವರು ತಾವಾಗಿ ಬಂದು ಕೊಟ್ಟರೆಂದರು. ಉಳಿದವರು? “ಅವರ ಮನಿಗೂ ನೀರು ಹೊಕ್ಕಿತ್ತಲ್ರಿ” ಎಂದು ಮಾತು ಮುಗಿಸಿದರು. ನಾನು ಇನ್ನೂ ಕೆದಕಿ, ಕೊಟ್ಟವರು ಯಾರು, ಕೊಡದವರು ಯಾರು ಎಂದು ಕೇಳಿದೆ. ಕೇಳಬಾರದಿತ್ತು. “ಕೊಟ್ಟವರೊಳಗೂ ಎಲ್ಲಾರೂ ಇದ್ದಾರ, ಕೊಡದವರೊಳಗೂ ಎಲ್ಲಾರೂ ಇದ್ದಾರ ಸಾಹೇಬರ” ಎಂದರು. ಕೊಡದವರಲ್ಲಿ ಕೊರಳಲ್ಲಿ ಇಷ್ಟಲಿಂಗವಿದ್ದವರೂ ಇದ್ದರೆಂದು ನಾನು ತಿಳಿದುಕೊಂಡೆ. ಈಗ ಹರಿದಾಡುತ್ತಿರುವ ಪಟ್ಟಿಯ ಪ್ರಕಾರ ಆ ಅಂಗಡಿಗೆ ನಾವು ಹೋಗಬಾರದು. ಬಾಕಿ ಉಳಿಸಿಕೊಂಡವರಿಗೆ ಇದಕ್ಕಿಂತ ಅನುಕೂಲದ ಪಟ್ಟಿ ಬೇರೆ ಇಲ್ಲ.

ಉದ್ರಿಯ ಮಾತು ಬಂದದ್ದರಿಂದ ಹುಕ್ಕೇರಿ ಕಡೆಯ ಒಂದು ಹಳ್ಳಿಯ ಅಂಗಡಿಯನ್ನೂ ಹೇಳಿಬಿಡುತ್ತೇನೆ. ಒಬ್ಬ ತಾಯಿ ನಡೆಸುತ್ತಾರೆ. ಮೊದಲು ದಿನಸಿ ಎಲ್ಲ ಇರುತ್ತಿತ್ತು, ಈಗ ಬಿಸ್ಕೀಟು, ಸಾಬೂನು, ಚಹಾಪುಡಿ, ಅಡಿಕೆ ಇಷ್ಟೇ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಬಸ್ಸು ಉಚಿತವಾಯಿತು. ಒಳ್ಳೆಯದೇ ಆಯಿತು, ತವರಿಗೆ, ದವಾಖಾನೆಗೆ, ಮಠಕ್ಕೆ ಹೋಗಲು ಗಂಡನ ಹತ್ತಿರ ಕೈ ಚಾಚುವುದು ತಪ್ಪಿತು. ಜೊತೆಗೆ ತಿಂಗಳ ಸಂತೆ ಹುಕ್ಕೇರಿಗೆ, ಸಂಕೇಶ್ವರಕ್ಕೆ, ಬೆಳಗಾವಿಗೆ ಹೋಯಿತು. ಆ ತಾಯಿ ಬೈಯುವುದಿಲ್ಲ, ತಾವೂ ಅದೇ ಬಸ್ಸಿನಲ್ಲಿ ಹೋಗಿ ಮಾಲು ತರುತ್ತಾರೆ. “ಕೈಯಾಗ ರೊಕ್ಕ ಇದ್ದಾಗ ಬೆಳಗಾವಿ, ಇಲ್ಲದಾಗ ನಮ್ಮಂಗಡಿ. ಹಂಗೈತ್ರಿ ಅಣ್ಣಾರ” ಎಂದು ನಕ್ಕರು. ತಿಂಗಳ ಕೊನೆಯ ವಾರ, ರಾತ್ರಿ ಮಗುವಿಗೆ ಜ್ವರ ಬಂದಾಗ, ಮಳೆಯಲ್ಲಿ ಬಸ್ಸು ನಿಂತಾಗ ಬಾಗಿಲು ಬಡಿಯುವುದು ಆ ಅಂಗಡಿಯದು. ಅದು ಮುಚ್ಚಿದ ದಿನ ಊರಿಗೆ ಗೊತ್ತಾಗುತ್ತದೆ.

ದೊಡ್ಡ ಮಾರ್ಟಿಗೆ ಹೋಗಬೇಡಿರೆಂದು ನಾನು ಹೇಳುವುದಿಲ್ಲ. ಅಲ್ಲಿ ಬೆಲೆ ಬರೆದಿರುತ್ತದೆ, ಬಿಲ್ಲು ಕೊಡುತ್ತಾರೆ, ಯಾವ ಜಾತಿಯವಳೆಂದು ಕೇಳದೆ ಹೆಣ್ಣುಮಗಳು ತನಗೆ ಬೇಕಾದ್ದನ್ನು ಮುಟ್ಟಿ ನೋಡಿ ಆರಿಸಿಕೊಳ್ಳಬಹುದು. ನಮ್ಮ ಎಷ್ಟೋ ಹಳೆಯ ಅಂಗಡಿಗಳಲ್ಲಿ ಈ ಮೂರೂ ಇರಲಿಲ್ಲ ಎಂಬುದನ್ನು ಮರೆಯಬಾರದು. ದಲಿತ ಹೆಣ್ಣುಮಗಳಿಗೆ ಸಾಮಾನನ್ನು ಕಟ್ಟೆಯ ಮೇಲಿಟ್ಟು ದೂರದಿಂದ ಕೊಡುತ್ತಿದ್ದ ಅಂಗಡಿಗಳನ್ನು ನನ್ನ ಬಾಲ್ಯದಲ್ಲಿ ಕಂಡಿದ್ದೇನೆ. ಅವುಗಳಲ್ಲಿ ನಮ್ಮವರದೂ ಇದ್ದವು. ಆದರೆ ಅಗ್ಗವೆಂದು ಹೋಗುವುದಾದರೆ ಲೆಕ್ಕ ಮಾಡಿ ಹೋಗಿರಿ. ಗೋಕಾಕದಿಂದ ಬೆಳಗಾವಿಗೆ ಹೋಗಿ ಬರಲು ಏನಿಲ್ಲೆಂದರೂ 120 ಕಿಲೋಮೀಟರು. ಕಾರು ಲೀಟರಿಗೆ 15 ಕಿಲೋಮೀಟರು ಓಡಿದರೆ 8 ಲೀಟರು, ಅಂದರೆ 800 ರೂಪಾಯಿಗೂ ಹೆಚ್ಚು. ಅದಕ್ಕಿಂತ ಹೆಚ್ಚು ಉಳಿತಾಯವಾದರೆ ಮಾತ್ರ ಅಗ್ಗ. ಬೇಡದ ಸಾಮಾನು ತಂದದ್ದನ್ನು ನಾನು ಹಿಡಿದಿಲ್ಲ.

ಇನ್ನು ಪಾಕೀಟಿನ ಕಣ್ಕಟ್ಟು. ಅಡುಗೆ ಎಣ್ಣೆ ನೀರಿಗಿಂತ ಹಗುರ, ಒಂದು ಲೀಟರು ಸುಮಾರು 910 ಗ್ರಾಂ ತೂಗುತ್ತದೆ. ಈಗ 850 ಗ್ರಾಂ, 800 ಗ್ರಾಂ ಪಾಕೀಟುಗಳೂ ಬರುತ್ತವೆ, ನೋಡಲು ಲೀಟರಿನಂತೆಯೇ. ಉದಾಹರಣೆಗೆ ಲೀಟರಿನ ಪಾಕೀಟು 138 ರೂಪಾಯಿ, 850 ಗ್ರಾಮಿನದು 130 ಎಂದಿಟ್ಟುಕೊಳ್ಳಿರಿ. 8 ರೂಪಾಯಿ ಉಳಿಯಿತೆಂದು ಎರಡನೆಯದನ್ನು ತೆಗೆದುಕೊಳ್ಳುತ್ತೇವೆ. ಕಿಲೋ ಲೆಕ್ಕ ಹಾಕಿದರೆ ಮೊದಲನೆಯದು ಸುಮಾರು 152, ಎರಡನೆಯದು 153. ಅಗ್ಗದ್ದೇ ತುಟ್ಟಿ. ಈಚಿನ ನಿಯಮದಂತೆ ಪಾಕೀಟಿನ ಮೇಲೆ ಗರಿಷ್ಠ ಬೆಲೆಯ ಜೊತೆಗೆ ಗ್ರಾಮಿಗೆ ಅಥವಾ ಕಿಲೋಗೆ, ಮಿಲಿಲೀಟರಿಗೆ ಅಥವಾ ಲೀಟರಿಗೆ ಎಷ್ಟೆಂಬ ದರವೂ ಇರಬೇಕು. ಸಣ್ಣ ಅಕ್ಷರದಲ್ಲಿ ಇರುತ್ತದೆ, ಕನ್ನಡಕ ಒಯ್ಯಿರಿ. ಬಿಡಿ ಮಾಲಿನ ಅಂಗಡಿಗೂ ಒಂದು ಅನುಕೂಲವಿದೆ: 2022ರ ಜುಲೈ 18ರಿಂದ ಅಚ್ಚು ಹಾಕಿದ ಪಾಕೀಟಿನ ಅಕ್ಕಿ, ಹಿಟ್ಟು, ಬ್ಯಾಳಿಗೆ ಶೇಕಡಾ 5 ಜಿಎಸ್‌ಟಿ ಬಂತು, ಬಿಡಿಯಾಗಿ ತೂಗಿಸಿಕೊಂಡರೆ ಅದು ಇಲ್ಲ. ಆದರೆ ಬಿಡಿ ಮಾಲು ತೂಗುವ ಕಾಟಾ ಸರಿಯಿರಬೇಕು. ಎಲೆಕ್ಟ್ರಾನಿಕ್ ಕಾಟಾಕ್ಕೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆ ಪ್ರತಿ ವರ್ಷ ಆಗಬೇಕು, ಅದರ ಪ್ರಮಾಣಪತ್ರ ಅಂಗಡಿಯಲ್ಲಿರಬೇಕು. ಕೇಳಿದರೆ ತಪ್ಪಲ್ಲ. ಮೋಸವಾದರೆ 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನ್ ಮಾಡಬಹುದು.

ತಪ್ಪೆಲ್ಲ ಮಾರುವವರದೇ ಎಂದು ತಿಳಿಯಬಾರದು. ಮೂಡಲಗಿ ತಾಲೂಕಿನಲ್ಲಿ ಘಟಪ್ರಭಾ ಎಡದಂಡೆ ಕಾಲುವೆಯ ನೀರಿನಿಂದ ಕಬ್ಬು ಬೆಳೆಯುತ್ತದೆ, ಬೆಲ್ಲದ ಗಾಣಗಳು ನಡೆಯುತ್ತವೆ. ಹಳದಿ ಬಣ್ಣ ಬರಲೆಂದು ಕುದಿಯುವ ಹಾಲಿಗೆ ಹೈಡ್ರೋಸ್ ಎಂಬ ರಾಸಾಯನಿಕ ಹಾಕುವುದು ಬಹಳ ಕಡೆ ಇದೆ. ಹಾಕಬೇಡವೆಂದು ನಾನೊಬ್ಬ ರೈತರಿಗೆ ಹೇಳಲು ಹೋದೆ. ಅವರು ನನ್ನನ್ನು ಒಳಗೆ ಕರೆದು ಎರಡು ಪೆಂಟೆ ಬೆಲ್ಲ ಇಟ್ಟರು, ಒಂದು ಕಪ್ಪು, ಒಂದು ಬಂಗಾರದ ಬಣ್ಣ. “ಮಾರ್ಕೆಟ್ಟಿನ್ಯಾಗ ನೀವ ಯಾವುದು ಎತ್ತಿಕೊಳ್ಳತೀರಿ, ಖರೇ ಹೇಳ್ರಿ” ಎಂದರು. ನಾನು ಸುಮ್ಮನಾದೆ. ಹಾಕದೆ ಮಾಡಿದ ಕಪ್ಪು ಬೆಲ್ಲಕ್ಕೆ ವ್ಯಾಪಾರಿ ಕಡಿಮೆ ದರ ಕೊಡುತ್ತಾನೆ, ಏಕೆಂದರೆ ಅಂಗಡಿಯಲ್ಲಿ ನಾವು ಅದನ್ನು ಮುಟ್ಟುವುದಿಲ್ಲ. ಅದೇ ಕಪ್ಪು ಬೆಲ್ಲ ನಗರಕ್ಕೆ ಹೋಗಿ ಚಂದದ ಡಬ್ಬಿಯಲ್ಲಿ ‘ಸಾವಯವ’ ಎಂಬ ಹೆಸರು ಹೊತ್ತು ತುಟ್ಟಿ ಬೆಲೆಗೆ ಮಾರಾಟವಾಗುತ್ತದೆ. ಆಗ ನಮ್ಮ ಮಕ್ಕಳೇ ಬೆಂಗಳೂರಿನಲ್ಲಿ ಅದನ್ನು ಕೊಳ್ಳುತ್ತಾರೆ. ನಮ್ಮ ಮಠಗಳ ಹುಗ್ಗಿಗೂ ಹಳದಿ ಬೆಲ್ಲವೇ ಬೇಕೆಂದು ಆರ್ಡರು ಹೋಗುವುದನ್ನು ನಾನು ಕಂಡಿದ್ದೇನೆ. ಹುಗ್ಗಿಯ ಬಣ್ಣ ಸ್ವಲ್ಪ ಕಂದಾದರೆ ಪ್ರಸಾದ ಕೆಡುವುದಿಲ್ಲ.

ಇಲ್ಲಿಗೆ ಮಠಗಳ ಹೊಣೆಯ ಮಾತು. ನಾವು ಒಂದು ಮನೆಯವರು ತಿಂಗಳಿಗೆ ಎರಡು ಕಿಲೋ ಬ್ಯಾಳಿ ಕೊಳ್ಳುತ್ತೇವೆ. ನಮ್ಮ ಮಠಗಳು ದಾಸೋಹಕ್ಕೆ, ವಸತಿ ನಿಲಯಗಳಿಗೆ ಚೀಲಗಟ್ಟಲೆ ಕೊಳ್ಳುತ್ತವೆ. ಮೂರು ತಾಲೂಕಿನಲ್ಲಿ ಮಠಗಳಿಗಿಂತ ದೊಡ್ಡ ಗಿರಾಕಿ ಬಹಳ ಇಲ್ಲ. ಅಂಥ ಗಿರಾಕಿ ತೂಗದೆ ಕೊಂಡರೆ, ತಡವಾಗಿ ರೊಕ್ಕ ಕೊಟ್ಟರೆ ಇಡೀ ಪೇಟೆಯ ನಡತೆ ಕೆಡುತ್ತದೆ. ತೂಗಿ ಕೊಂಡು ವೇಳೆಗೆ ಕೊಟ್ಟರೆ ಪೇಟೆ ಸುಧಾರಿಸುತ್ತದೆ. ಮಠ ಯಾರಿಂದ ಕೊಳ್ಳುತ್ತದೆ, ಯಾವ ದರಕ್ಕೆ ಎಂಬುದು ಭಕ್ತರಿಗೆ ಗೊತ್ತಿರಬೇಕು. ಭಕ್ತರು ಕೊಟ್ಟ ಕಾಣಿಕೆಯಲ್ಲವೇ ಅದು?

ಒಟ್ಟಾಗಿ ಕೊಳ್ಳುವುದು ನಮಗೆ ಹೊಸದೂ ಅಲ್ಲ. ಇಂಗ್ಲೆಂಡಿನ ರಾಚ್‌ಡೇಲ್ ಎಂಬ ಊರಿನಲ್ಲಿ 1844ರಲ್ಲಿ 28 ಜನ, ಅವರಲ್ಲಿ ಹಲವರು ನೇಕಾರರು, ಕಲಬೆರಕೆಗೂ ಉದ್ರಿಗೂ ಬೇಸತ್ತು ತಮ್ಮದೇ ಒಂದು ಅಂಗಡಿ ತೆರೆದರು. ಮೊದಲು ಇಟ್ಟದ್ದು ಬೆಣ್ಣೆ, ಸಕ್ಕರೆ, ಹಿಟ್ಟು, ಓಟ್ಸಿನ ಹಿಟ್ಟು, ಮೇಣದ ಬತ್ತಿ. ಶುದ್ಧ ಮಾಲು, ಸರಿಯಾದ ತೂಕ, ಕೈಗೆ ಕೈ ರೊಕ್ಕ, ಯಾವ ಮತದವನಾದರೂ ಸದಸ್ಯ. ಪ್ರಪಂಚದ ಸಹಕಾರ ಚಳವಳಿ ಅವರ ಮಾದರಿಯನ್ನೇ ಹಿಡಿದು ಬೆಳೆಯಿತು. ನಮ್ಮಲ್ಲಿ 1905ರಲ್ಲಿ ಗದಗ ಹತ್ತಿರದ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದರು. ಇನ್ನೂ ಹತ್ತಿರ ಬೇಕೆಂದರೆ ಹುಕ್ಕೇರಿಯನ್ನೇ ನೋಡಿರಿ. 1969ರಿಂದ ಆ ತಾಲೂಕಿಗೆ ಕರೆಂಟು ಹಂಚುವುದು ಗ್ರಾಮೀಣ ವಿದ್ಯುತ್ ಸಹಕಾರ ಸಂಘ. ಊರಿಂದೂರಿಗೆ ಕಂಬ ನೆಟ್ಟು ತಂತಿ ಎಳೆಯುವ ಕೆಲಸವನ್ನೇ ಸಂಘದಿಂದ ಮಾಡಿದ ಜನರಿಗೆ ಬ್ಯಾಳಿ ಬೆಲ್ಲ ಕೊಳ್ಳುವುದು ದೊಡ್ಡದೇನಲ್ಲ. ಹಾಗೆಂದು ಹೊಸ ಸೊಸಾಯಿಟಿ ಕಟ್ಟೋಣವೆಂದು ನಾನು ಹೇಳುತ್ತಿಲ್ಲ. ಸೊಸಾಯಿಟಿಗಳಲ್ಲಿ ಚುನಾವಣೆ ಬಂದರೆ ಅಂಗಡಿಯ ಬಾಗಿಲು ಹೇಗಾಗುತ್ತದೆಂದು ನಿಮಗೆ ಗೊತ್ತು.

ನಾನು ಲೆಕ್ಕ ನೋಡುವ ಮಠದಲ್ಲಿ ಪೂಜ್ಯರ ಅಪ್ಪಣೆಯಂತೆ ಆರಂಭಿಸಿದ್ದು ಇಷ್ಟು. ಜಾತ್ರೆಗೆ ಒಂದು ತಿಂಗಳು ಮೊದಲು ಬೇಕಾದ ಸಾಮಾನಿನ ಪಟ್ಟಿಯನ್ನು ಫಲಕದ ಮೇಲೆ ಹಾಕುತ್ತೇವೆ. ಯಾರು ಬೇಕಾದರೂ ದರ ಬರೆದು ಮುಚ್ಚಿದ ಲಕೋಟೆ ಕೊಡಬಹುದು, ಎಲ್ಲರ ಮುಂದೆ ಒಡೆಯುತ್ತೇವೆ. ಮಾಲು ಬಂದಾಗ ಬಾಗಿಲಲ್ಲಿಯೇ ತೂಗುತ್ತೇವೆ, ಒಲೆಯ ಮುಂದಿನ ಅಕ್ಕನವರು ಮಾಲು ನೋಡಿ ಹೂಂ ಅಂದ ಮೇಲೆ ನನ್ನ ಸಹಿ. 15 ದಿನದೊಳಗೆ ಹಣ. ಬುಟ್ಟಿ ಮರಗಳನ್ನು ನೇರವಾಗಿ ಮೇದಾರರಿಂದ, ಬೆಲ್ಲವನ್ನು ಹೈಡ್ರೋಸ್ ಹಾಕದ ಗಾಣದಿಂದ ತರುತ್ತೇವೆ. ಮೊದಲ ವರ್ಷ ಬ್ಯಾಳಿಯ ಆರ್ಡರು ಸಿಕ್ಕಿದ್ದು ಮಹಾಪೂರದಲ್ಲಿ ವಹಿ ಕಳೆದುಕೊಂಡ ಆ ಅಂಗಡಿಕಾರರಿಗೆ. ಆಕ್ಷೇಪಣೆಗಳು ಬಂದವು, ಬಿಸಿಯಾಗಿಯೇ ಬಂದವು. ಚೀಲ ತೂಗಿ ತೋರಿಸಿದೆ. ಮರುವರ್ಷ ಆರ್ಡರು ಸಿಕ್ಕಿದ್ದು ಹಿಂದೆ 26 ಕಿಲೋ ಕಡಿಮೆ ಕೊಟ್ಟಿದ್ದ ನಮ್ಮವರಿಗೇ. ಅವರ ದರ ಎಲ್ಲರಿಗಿಂತ ಕಡಿಮೆ ಇತ್ತು, 20 ಚೀಲವೂ ಸರಿಯಾಗಿ ತೂಗಿದವು. 15ನೆಯ ದಿನ ಚೆಕ್ಕು ಇಸಿದುಕೊಳ್ಳಲು ಬಂದಾಗ ಅವರು ಹಳೆಯ ಲೆಕ್ಕದ್ದೆಂದು ಒಂದು ಸಣ್ಣ ಚೀಲ ಬ್ಯಾಳಿ ತಂದು ಉಗ್ರಾಣದ ಮೂಲೆಯಲ್ಲಿಟ್ಟು ಹೋದರು. ನಾನು ಅದನ್ನೂ ತೂಗಿದೆ, 26 ಕಿಲೋ ಇತ್ತು.

ಪಟ್ಟಿ ಮಾಡಿದ ತರುಣರಿಗೆ ನನ್ನ ವಿನಂತಿ ಒಂದೇ. ನಿಮ್ಮ ಶ್ರಮ ವ್ಯರ್ಥವಾಗಬೇಕಾಗಿಲ್ಲ. ಅದೇ ಪಟ್ಟಿಯಿಂದ ತಲೆಬರಹವನ್ನು ತೆಗೆಯಿರಿ. ಬಿಟ್ಟುಹೋದ ಮೇದಾರ, ಕುಂಬಾರ, ಹಡಪದ ಬಂಧುಗಳನ್ನು, ನಮ್ಮವರಲ್ಲದ ಒಳ್ಳೆಯ ಅಂಗಡಿಗಳನ್ನು ಸೇರಿಸಿರಿ. ಪ್ರತಿ ಹೆಸರಿನ ಮುಂದೆ ಮೂರು ಅಂಕಣ ಇರಲಿ: ಕಾಟಾಕ್ಕೆ ಈ ವರ್ಷದ ಮುದ್ರೆ ಇದೆಯೇ, ಬಿಲ್ಲು ಕೊಡುತ್ತಾರೆಯೇ, ಕೆಟ್ಟ ಮಾಲು ತಿರುಗಿ ತೆಗೆದುಕೊಳ್ಳುತ್ತಾರೆಯೇ. ನೀವೇ ಹೋಗಿ ನೋಡಿ ತುಂಬಿರಿ. ಅಂಥ ಪಟ್ಟಿಯನ್ನು ತಂದರೆ ಪುಟದ ಖರ್ಚು ಯಾರೂ ಕೊಡಬೇಕಾಗಿಲ್ಲ, ಪತ್ರಿಕೆಯೇ ಹಾಕುತ್ತದೆ. ಇಬ್ಬರು ಹುಡುಗರು ಆಗಲೇ ಒಪ್ಪಿ ಗೋಕಾಕದಿಂದ ಶುರು ಮಾಡಿದ್ದಾರೆ. ಮೂಡಲಗಿಗೂ ಹುಕ್ಕೇರಿಗೂ ಜನ ಬೇಕು. ಬರುವವರು ಪತ್ರಿಕೆಯ ವಿಳಾಸಕ್ಕೆ ಒಂದು ಕಾರ್ಡು ಬರೆಯಲಿ. ಮನೆಗೆ ಕೊಂಡ ಪಾಕೀಟಿನ ತೂಕದ ಮೇಲೆ ಅನುಮಾನವಿದ್ದವರು ಉಗ್ರಾಣಕ್ಕೆ ತಂದು ತೂಗಿ ನೋಡಬಹುದು, ಕಾಟಾ ಬಾಗಿಲಲ್ಲಿಯೇ ಇರುತ್ತದೆ. ಅಮಾವಾಸ್ಯೆಯ ದಿನ ಮಾತ್ರ ಗದ್ದಲ, ಅಂದು ಬರಬೇಡಿರಿ.